ಲೇಪಾಕ್ಷಿ: ತೂಗುವ ಕಂಬ ಬಿಟ್ಟು ಇನ್ನೇನು ನೋಡಬೇಕು?

ಯಲಹಂಕದಮ್ಮ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಒಂದು ದಿನದ ಮಟ್ಟಿಗೆ ಲೇಪಾಕ್ಷಿಗೆ ಹೋಗೋಣ ಅಂತ ಮನೆಯಲ್ಲಿ ಮಾತಾಗಿದೆ. ಕಾರಿನಲ್ಲಿ ಹೋಗುತ್ತೇವೆ. ಜೊತೆಗೆ ಅತ್ತೆ ಬರುತ್ತಾರೆ, ಅವರಿಗೆ ಮಂಡಿ ನೋವು, ಜಾಸ್ತಿ ಮೆಟ್ಟಿಲು ಹತ್ತಲು ಆಗುವುದಿಲ್ಲ. ಮಗಳು ಎಂಟನೇ ಕ್ಲಾಸು. ಚಿತ್ರ ಬರೆಯಲು ಕೂತರೆ ಊಟಕ್ಕೆ ನಾಲ್ಕು ಸಲ ಕರೆಯಬೇಕು ಅನ್ನುವಂಥವಳು. ಅವಳ ಡ್ರಾಯಿಂಗ್ ಟೀಚರ್ ಅಲ್ಲಿನ ವೀರಭದ್ರ ದೇವಸ್ಥಾನದ ಚಾವಣಿ ಚಿತ್ರಗಳ ಬಗ್ಗೆ ಹೇಳಿದ್ದರಂತೆ, ಅದಕ್ಕೇ ಈ ಊರು ಆರಿಸಿದ್ದು.

ಆದರೆ ನಾನು ನೋಡಿದ ವಿಡಿಯೋಗಳಲ್ಲೆಲ್ಲ ಬರೀ ತೂಗುವ ಕಂಬ, ಅದರ ಕೆಳಗೆ ಟವೆಲ್ ಎಳೆಯುವುದು, ಆಮೇಲೆ ದೊಡ್ಡ ನಂದಿ. ಅಷ್ಟಕ್ಕೇ ಮುಗಿಯುತ್ತದೆ. ಚಿತ್ರಗಳು ಈಗಲೂ ಚೆನ್ನಾಗಿ ಕಾಣುತ್ತವಾ, ಇಲ್ಲಾ ಮಾಸಿ ಹೋಗಿವೆಯಾ? ಮಗಳು ಕೂತು ಬರೆದುಕೊಳ್ಳಲು ಅಲ್ಲಿ ಜಾಗ ಸಿಗುತ್ತದಾ? ದೇವಸ್ಥಾನ ನೋಡಿ ಆದ ಮೇಲೆ ಮಧ್ಯಾಹ್ನ ಹತ್ತಿರದಲ್ಲಿ ಇನ್ನೆಲ್ಲಿಗೆ ಹೋಗಬಹುದು? ಊಟದ ವ್ಯವಸ್ಥೆ ಹೇಗೆ? ಹೋಗಿ ಬಂದವರು, ಆ ಕಡೆಯವರು ದಯವಿಟ್ಟು ಹೇಳಿ.

ಗೌರಿಬಿದನೂರು ಕಡೆಯವ

ಅಕ್ಕ, ಖಂಡಿತ ಹೋಗಿ. ಬೆಂಗಳೂರಿನಿಂದ ಸುಮಾರು 120 ಕಿಲೋಮೀಟರ್. ದೇವನಹಳ್ಳಿ, ಚಿಕ್ಕಬಳ್ಳಾಪುರ, ಬಾಗೇಪಲ್ಲಿ ದಾಟಿದರೆ ಕೊಡಿಕೊಂಡ ಚೆಕ್‌ಪೋಸ್ಟ್, ಅಲ್ಲಿ ಹೈದರಾಬಾದ್ ಹೈವೇ ಬಿಟ್ಟು ಎಡಕ್ಕೆ ತಿರುಗಬೇಕು. ಅಲ್ಲಿಂದ ಸ್ವಲ್ಪ ದೂರ ಅಷ್ಟೇ. ಬೆಳಗ್ಗೆ ಆರಕ್ಕೆ ಮನೆ ಬಿಟ್ಟರೆ ತಿಂಡಿಗೆ ನಿಲ್ಲಿಸಿಕೊಂಡು ಹೋದರೂ ಒಂಬತ್ತರೊಳಗೆ ಅಲ್ಲಿರುತ್ತೀರಿ. ಕಾರಿಲ್ಲದವರು ಯಾರಾದರೂ ಇದನ್ನು ಓದುತ್ತಿದ್ದರೆ, ಹಿಂದೂಪುರಕ್ಕೆ ರೈಲಿದೆ, ಯಲಹಂಕ, ದೊಡ್ಡಬಳ್ಳಾಪುರ, ನಮ್ಮೂರ ಮೇಲೇ ಹೋಗುತ್ತದೆ. ಹಿಂದೂಪುರದಿಂದ ಲೇಪಾಕ್ಷಿ 15 ಕಿಲೋಮೀಟರ್, ಬಸ್ಸು ಆಟೋ ಎರಡೂ ಸಿಗುತ್ತವೆ.

ಊರು ಚಿಕ್ಕದು. ಆಂಧ್ರ ಅಂತ ಹೆಸರಿಗೆ, ಕನ್ನಡದಲ್ಲೇ ಮಾತಾಡಿ, ಅಂಗಡಿಯವರಿಗೂ ಆಟೋದವರಿಗೂ ಬರುತ್ತದೆ. ಹಿಂದೆ ಅನಂತಪುರ ಜಿಲ್ಲೆ, 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆ. ದೇವಸ್ಥಾನದೊಳಗಿನ ಶಾಸನಗಳೂ ಕನ್ನಡದವೇ, ಗೋಡೆಯ ಮೇಲೆ, ಬಂಡೆಯ ಮೇಲೆ ಕೆತ್ತಿದ್ದಾರೆ. ಮಗಳಿಗೆ ತೋರಿಸಿ, ಹಳೆಗಾಲದ ಅಕ್ಷರ ಆದರೂ ಒಂದೊಂದು ಗುರುತು ಸಿಗುತ್ತದೆ.

ನಿಮ್ಮ ಅತ್ತೆ ಬಗ್ಗೆ ಚಿಂತೆ ಬೇಡ. ದೇವಸ್ಥಾನ ಇರುವುದು ಒಂದು ತಗ್ಗು ಬಂಡೆಗುಡ್ಡದ ಮೇಲೆ, ಆಮೆಯ ಬೆನ್ನಿನ ಆಕಾರ ಅಂತ ಅದಕ್ಕೆ ಕೂರ್ಮಶೈಲ ಅನ್ನುತ್ತಾರೆ. ಬೆಟ್ಟ ಹತ್ತುವಂಥದ್ದೇನೂ ಇಲ್ಲ. ಆದರೆ ಒಳಗೆಲ್ಲ ಕಲ್ಲು ಹಾಸು, ಅಲ್ಲಲ್ಲಿ ಎತ್ತರ ತಗ್ಗು, ಎತ್ತರದ ಹೊಸ್ತಿಲು, ಹಾಗಾಗಿ ಕೈ ಹಿಡಿದು ನಡೆಸಿ. ಚಪ್ಪಲಿ ಹೊರಗೇ ಬಿಡಬೇಕು. ಹನ್ನೊಂದು ಗಂಟೆ ಮೇಲೆ ಅಂಗಳದ ಬಂಡೆ ಕಾಲು ಸುಡುತ್ತದೆ, ಎಲ್ಲರಿಗೂ ದಪ್ಪ ಕಾಲುಚೀಲ ತೆಗೆದುಕೊಂಡು ಹೋಗಿ, ಇದೊಂದು ಮರೆಯಬೇಡಿ.

ನಂದಿ ರಸ್ತೆ ಪಕ್ಕದಲ್ಲೇ ಇದೆ, ಒಂದೇ ಕಲ್ಲಿನದು, 27 ಅಡಿ ಉದ್ದ, 15 ಅಡಿ ಎತ್ತರ. ಅದಕ್ಕೆ ಹೊತ್ತು ಜಾಸ್ತಿ ಬೇಕಿಲ್ಲ, ಸಂಜೆ ವಾಪಸ್ ಹೊರಡುವಾಗ ನೋಡಿ. ಎದುರಿಗೆ ಬಂಡೆಯ ಮೇಲೆ ಜಟಾಯುವಿನ ದೊಡ್ಡ ಪ್ರತಿಮೆ ಇದೆ, ಈಚಿನದು. ರಾವಣನ ಕೈಯಲ್ಲಿ ರೆಕ್ಕೆ ಕಡಿಸಿಕೊಂಡು ಜಟಾಯು ಬಿದ್ದದ್ದು ಇಲ್ಲೇ ಅಂತ ಊರವರ ನಂಬಿಕೆ. ಅಲ್ಲಿಗೆ ಹತ್ತಬೇಕಾಗುತ್ತದೆ, ಅತ್ತೆ ಕೆಳಗೇ ಕೂರಲಿ.

ಊಟಕ್ಕೆ ಆಂಧ್ರ ಟೂರಿಸಂನವರ ಹೋಟೆಲ್ ಇದೆ, ಸಣ್ಣಪುಟ್ಟ ಊಟದ ಮನೆಗಳೂ ಇವೆ. ಖಾರ ಜಾಸ್ತಿ. ವಯಸ್ಸಾದವರಿಗೆ ಮನೆಯಿಂದ ಮೊಸರನ್ನ ಕಟ್ಟಿಕೊಂಡು ಹೋಗುವುದು ಒಳ್ಳೆಯದು. ಶಿವರಾತ್ರಿ ಜಾತ್ರೆ ಸಮಯ ಮಾತ್ರ ಬೇಡ, ಆಗ ಚಿತ್ರ ನೋಡಲು ನಿಲ್ಲುವುದಕ್ಕೇ ಆಗುವುದಿಲ್ಲ.

ಡ್ರಾಯಿಂಗ್ ಮೇಷ್ಟ್ರು

ಮೇಡಂ, ನಿಮ್ಮ ಮಗಳ ಟೀಚರ್‌ಗೆ ನನ್ನ ಕಡೆಯಿಂದ ನಮಸ್ಕಾರ ಹೇಳಿ. ಲೇಪಾಕ್ಷಿಗೆ ಜನ ಬರುವುದು ಕಂಬ ನೋಡಲು, ನೋಡಬೇಕಾದದ್ದು ಮಾತ್ರ ತಲೆಯ ಮೇಲೆ ಇರುತ್ತದೆ. ವಿಜಯನಗರ ಕಾಲದ ಕಲ್ಲಿನ ಕೆಲಸ ಹಂಪಿಯಲ್ಲಿ ಬೇಕಾದಷ್ಟು ಉಳಿದಿದೆ. ಬಣ್ಣದ ಕೆಲಸ ಉಳಿದಿರುವುದು ತೀರಾ ಕಡಿಮೆ. ಹಂಪಿಯ ವಿರೂಪಾಕ್ಷ ದೇವಸ್ಥಾನದ ರಂಗಮಂಟಪದಲ್ಲಿ ಇದೆ, ಆದರೆ ಆ ಕಾಲದ ಬಣ್ಣ ಇಷ್ಟು ವಿಸ್ತಾರವಾಗಿ, ಇಷ್ಟು ಬಗೆಯ ಕಥೆಗಳೊಂದಿಗೆ ನೋಡಬೇಕಾದರೆ ಲೇಪಾಕ್ಷಿಗೇ ಹೋಗಬೇಕು. 2022ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ತಾಣಗಳ ತಾತ್ಕಾಲಿಕ ಪಟ್ಟಿಗೆ ಸೇರಿಸುವಾಗಲೂ ಶಿಲ್ಪದ ಜೊತೆಗೆ ಚಿತ್ರಕಲೆಯ ಪರಂಪರೆ ಅಂತಲೇ ಸೇರಿಸಿದ್ದಾರೆ.

ಮಾಸಿವೆಯಾ ಅಂತ ಕೇಳಿದಿರಿ. ಕೆಲವು ಕಡೆ ಗಾರೆ ಸಮೇತ ಉದುರಿದೆ, ಕೆಲವು ಕಡೆ ಮಸಿ ಹಿಡಿದಿದೆ, ನೀರು ಇಳಿದ ಕಲೆಗಳೂ ಇವೆ. ಆದರೆ ಉಳಿದಿರುವುದೇ ಒಂದು ಇಡೀ ಬೆಳಗ್ಗೆಗೆ ಆಗುವಷ್ಟಿದೆ. ಮೊದಲ ಹತ್ತು ನಿಮಿಷ ಏನೂ ಕಾಣುವುದಿಲ್ಲ, ಹೊರಗಿನ ಬಿಸಿಲಿನಿಂದ ಒಳಗೆ ಹೋದ ಕಣ್ಣಿಗೆ ಬರೀ ಕಂದು ಬಣ್ಣದ ಚಾವಣಿ ಅನ್ನಿಸುತ್ತದೆ. ಅಷ್ಟರಲ್ಲೇ ಜನ ಮುಂದೆ ಹೋಗಿಬಿಡುತ್ತಾರೆ. ನೀವು ಒಂದು ಕಡೆ ಕೂತು ಕಣ್ಣು ಹೊಂದಿಕೊಳ್ಳಲು ಬಿಡಿ. ಆಮೇಲೆ ಒಂದೊಂದೇ ಆಕೃತಿ ಎದ್ದು ಬರುತ್ತದೆ.

ನಾಟ್ಯಮಂಟಪದಿಂದ ಶುರು ಮಾಡಿ. ಕಂಬದ ಸಾಲುಗಳ ನಡುವೆ ಚಾವಣಿಯಲ್ಲಿ ಉದ್ದುದ್ದ ಪಟ್ಟಿಗಳು, ಒಂದೊಂದು ಪಟ್ಟಿಯಲ್ಲಿ ಒಂದೊಂದು ಕಥೆ. ಪಾರ್ವತಿಯ ಮದುವೆ ಇದೆ. ಶಿವ ಪಾರ್ವತಿ ಪಗಡೆ ಆಡುವುದು ಇದೆ. ದ್ರೌಪದಿ ಸ್ವಯಂವರದಲ್ಲಿ ಅರ್ಜುನ ಕೆಳಗೆ ನೀರಿನಲ್ಲಿ ನೆರಳು ನೋಡಿಕೊಂಡು ಮೇಲಿನ ಮೀನಿಗೆ ಗುರಿ ಇಡುವುದು ಇದೆ. ಅರ್ಜುನನ ತಪಸ್ಸು, ಅವನೂ ಬೇಡನ ವೇಷದ ಶಿವನೂ ಒಂದೇ ಹಂದಿಗೆ ಬಾಣ ಬಿಡುವುದು, ಆ ಹಂದಿಯ ಓಟವನ್ನು ನಿಮ್ಮ ಮಗಳು ಗಮನಿಸಲಿ, ಮೈಯಲ್ಲಿ ಎಷ್ಟು ರಭಸ ತಂದಿದ್ದಾರೆ ನೋಡಿ! ಚೋಳ ರಾಜನೊಬ್ಬನ ಕಥೆಯೂ ಇದೆ. ರಾಜಕುಮಾರನ ರಥಕ್ಕೆ ಸಿಕ್ಕಿ ಕರು ಸತ್ತಾಗ ತಾಯಿ ಹಸು ನ್ಯಾಯ ಕೇಳಲು ಅರಮನೆಯ ಗಂಟೆ ಬಾರಿಸುತ್ತದಲ್ಲ, ಅದು. ಕಥೆ ಮೊದಲೇ ಮನೆಯಲ್ಲಿ ಹೇಳಿಕೊಟ್ಟು ಕರೆದುಕೊಂಡು ಹೋದರೆ ಮಗು ತಾನೇ ಹುಡುಕುತ್ತದೆ.

ಬಣ್ಣದ ಬಗ್ಗೆ ಒಂದು ವಿಷಯ. ಕಲ್ಲಿನ ಚಾವಣಿಗೆ ಸುಣ್ಣದ ಗಾರೆ ಬಳಿದು ಅದರ ಮೇಲೆ ಬರೆದದ್ದು. ಹಿನ್ನೆಲೆಗೆ ಹೆಚ್ಚಾಗಿ ಕೆಮ್ಮಣ್ಣಿನ ಕೆಂಪು. ಮೇಲೆ ಹಳದಿ ಮಣ್ಣು, ಸುಣ್ಣದ ಬಿಳಿ, ಹಸಿರು, ಮಸಿಯ ಕಪ್ಪು. ನೀಲಿ ಕಾಣುವುದೇ ಇಲ್ಲ. ಮಗಳಿಗೆ ಇದನ್ನು ಮೊದಲು ಹೇಳಬೇಡಿ, "ಇಲ್ಲಿ ಯಾವ ಬಣ್ಣ ಇಲ್ಲ, ಕಂಡುಹಿಡಿ" ಅಂತ ಕೇಳಿ. ಇಷ್ಟು ಕಡಿಮೆ ಬಣ್ಣದಲ್ಲಿ ಒಬ್ಬೊಬ್ಬರ ಸೀರೆಯನ್ನೂ ಬೇರೆ ಬೇರೆ ಮಾಡಿದ್ದಾರೆ. ಒಂದಕ್ಕೆ ಪಟ್ಟೆ, ಒಂದಕ್ಕೆ ಚೌಕಳಿ, ಒಂದಕ್ಕೆ ಹೂಬಳ್ಳಿ. ಪಾರ್ವತಿಯ ಸಖಿಯರ ಸಾಲನ್ನು ನೋಡಿ, ಸೆರಗು ಮುಂದಕ್ಕೆ ಚೂಪಾಗಿ ಬಿದ್ದಿರುತ್ತದೆ, ತುರುಬು ಎತ್ತಿ ಕಟ್ಟಿರುತ್ತಾರೆ, ಮುಖ ಪಕ್ಕಕ್ಕೆ ತಿರುಗಿರುತ್ತದೆ. ಗಂಡಸರ ತಲೆಯ ಮೇಲೆ ಉದ್ದನೆಯ ಕುಲಾವಿ. ಐನೂರು ವರ್ಷದ ಹಿಂದೆ ಈ ನಾಡಿನ ಜನ ಏನು ಉಡುತ್ತಿದ್ದರು ಅನ್ನುವುದನ್ನು ಇಷ್ಟು ನೇರವಾಗಿ ತೋರಿಸುವ ಜಾಗ ಇನ್ನೊಂದು ನನಗೆ ಗೊತ್ತಿಲ್ಲ.

ಆಮೇಲೆ ಗರ್ಭಗುಡಿಯ ಮುಂದಿನ ಅರ್ಧಮಂಟಪ. ಅಲ್ಲಿ ತಲೆ ಎತ್ತಿದರೆ ಇಡೀ ಚಾವಣಿ ತುಂಬ ವೀರಭದ್ರ, ಚಿತ್ರದ ಅಳತೆ ಸುಮಾರು 23 ಅಡಿ ಉದ್ದ, 13 ಅಡಿ ಅಗಲ. ಅವನ ಪಾದದ ಹತ್ತಿರ ದೇವಸ್ಥಾನ ಕಟ್ಟಿಸಿದ ಅಣ್ಣತಮ್ಮಂದಿರು ವಿರೂಪಣ್ಣ, ವೀರಣ್ಣ ಕೈಮುಗಿದು ನಿಂತಿದ್ದಾರೆ. ವಿಜಯನಗರದ ಅರಸ ಅಚ್ಯುತರಾಯನ ಕಾಲದಲ್ಲಿ, ಅಂದರೆ 1530ರ ಸುಮಾರಿಗೆ, ಪೆನುಕೊಂಡದಲ್ಲಿ ಅಧಿಕಾರಿಗಳಾಗಿದ್ದವರು ಇವರು. ತಿರುಮಲೆಯಲ್ಲಿ ಕೃಷ್ಣದೇವರಾಯನ ಕಂಚಿನ ವಿಗ್ರಹ ನೋಡಿದ್ದೀರಲ್ಲ, ಅವನ ತಲೆಯ ಮೇಲಿರುವಂಥದ್ದೇ ಟೋಪಿ ಇವರಿಗೂ ಇದೆ. ಇಲ್ಲಿ ದರ್ಶನದ ಸಾಲು ಇರುತ್ತದೆ, ನಿಂತು ನೋಡಲು ಬಿಡುವುದು ಕಷ್ಟ. ಬೆಳಗ್ಗೆ ಬೇಗ ಹೋದರೆ ಸ್ವಲ್ಪ ಹೊತ್ತು ಸಿಗುತ್ತದೆ.

ಮಗಳಿಗೆ ದೊಡ್ಡ ಡ್ರಾಯಿಂಗ್ ಬೋರ್ಡ್ ಬೇಡ. ಒಂದು ಸಣ್ಣ ಪುಸ್ತಕ, ಎರಡು ಪೆನ್ಸಿಲ್ ಸಾಕು. ಬಣ್ಣ, ನೀರು ಒಳಗೆ ತರಬೇಡಿ. ನಾಟ್ಯಮಂಟಪದ ಅಂಚಿನಲ್ಲಿ ಯಾರಿಗೂ ಅಡ್ಡಿಯಾಗದ ಹಾಗೆ ಕೂತರೆ ಆಯಿತು. ಇಡೀ ಚಿತ್ರ ಬರೆಯಲು ಹೋದರೆ ಸುಸ್ತಾಗುತ್ತಾಳೆ, ಒಂದು ಕೈ, ಒಂದು ಸೆರಗು, ಒಂದು ಕುದುರೆಯ ಕಾಲು ಹೀಗೆ ಬರೆದುಕೊಳ್ಳಲಿ. ಆ ಕಪ್ಪು ಗೆರೆ ಎಲ್ಲಿ ದಪ್ಪ ಆಗುತ್ತದೆ, ಎಲ್ಲಿ ತೆಳು ಆಗುತ್ತದೆ ಅನ್ನುವುದನ್ನು ನೋಡಿ ಬರೆದರೆ ಅದೇ ದೊಡ್ಡ ಪಾಠ. ಮನೆಯಲ್ಲಿ ಬೈನಾಕ್ಯುಲರ್ ಇದ್ದರೆ ತೆಗೆದುಕೊಂಡು ಹೋಗಿ, ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಮತ್ತೆ ಒಂದು ಕೋರಿಕೆ, ಫೋಟೋ ತೆಗೆಯುವಾಗ ಫ್ಲಾಶ್ ಆಫ್ ಮಾಡಿ. ಹಳೆಯ ಬಣ್ಣಕ್ಕೆ ಅಷ್ಟಾದರೂ ನಾವು ಮಾಡಬೇಕು.

ಕಲ್ಲುಪ್ರೇಮಿ

ಮೇಷ್ಟ್ರು ಹೇಳಿದ್ದೆಲ್ಲ ಸರಿ, ಆದರೆ ಕಲ್ಲನ್ನೂ ಬಿಟ್ಟುಕೊಡಬೇಡಿ! ನಾಟ್ಯಮಂಟಪದ ನಡುವಿನ ಕಂಬಗಳ ಮೇಲೆ ಒಂದು ಇಡೀ ಕಚೇರಿಯೇ ನಡೆಯುತ್ತಿದೆ. ರಂಭೆ ಕುಣಿಯುತ್ತಿದ್ದಾಳೆ, ಬ್ರಹ್ಮ ಮದ್ದಳೆ ಬಾರಿಸುತ್ತಿದ್ದಾನೆ, ತುಂಬುರ ವೀಣೆ ಹಿಡಿದಿದ್ದಾನೆ, ಮೂರು ಕಾಲಿನ ಭೃಂಗಿಯೂ ಇದ್ದಾನೆ. ಚಿತ್ರ ನೋಡಿ ಕುತ್ತಿಗೆ ನೋವು ಬಂದಾಗ ಕಣ್ಣು ಕೆಳಗಿಳಿಸಿ ಇವರನ್ನು ನೋಡಿ.

ತೂಗುವ ಕಂಬವೂ ಅಲ್ಲೇ ಇದೆ. ಅದು ಪೂರ್ತಿ ಗಾಳಿಯಲ್ಲಿಲ್ಲ, ಒಂದು ಮೂಲೆ ನೆಲಕ್ಕೆ ತಾಗಿದೆ, ಉಳಿದ ಕಡೆ ತೆಳುವಾದ ಬಟ್ಟೆ ದಾಟುವಷ್ಟು ಸಂದು. ಬ್ರಿಟಿಷರ ಕಾಲದಲ್ಲಿ ಒಬ್ಬ ಇಂಜಿನಿಯರು ಇದರ ಗುಟ್ಟು ತಿಳಿಯಲು ಅಲುಗಾಡಿಸಿದ, ಆಗ ಸ್ವಲ್ಪ ಜರುಗಿತು ಅಂತ ಗೈಡುಗಳು ಹೇಳುತ್ತಾರೆ. ಮಕ್ಕಳಿಗೆ ಖುಷಿ ಕೊಡುತ್ತದೆ, ನೋಡಿಸಿ. ಆದರೆ ಅಲ್ಲಿ ಸಾಲು ಇದ್ದರೆ ಕಾಯಬೇಡಿ, ಸಾಲು ಕರಗಿದ ಮೇಲೆ ಬನ್ನಿ.

ಹಿಂದಿನ ಅಂಗಳದಲ್ಲಿ ಏಳು ಹೆಡೆಯ ನಾಗಲಿಂಗ. ಅಮ್ಮ ಅಡುಗೆ ಮಾಡಿ ಮುಗಿಸುವಷ್ಟರಲ್ಲಿ ಶಿಲ್ಪಿಗಳು ಇದನ್ನು ಕಡೆದು ಮುಗಿಸಿದರಂತೆ ಅಂತ ಕಥೆ. ಅಲ್ಲೇ ನೆಲದ ಬಂಡೆಯಲ್ಲಿ ತಟ್ಟೆಯ ಆಕಾರದ ಗುಳಿಗಳಿವೆ, ಶಿಲ್ಪಿಗಳು ಊಟ ಮಾಡಿದ ತಟ್ಟೆ ಅನ್ನುವವರಿದ್ದಾರೆ, ಬಣ್ಣ ಕಲಸಿಕೊಂಡ ಗುಳಿ ಅನ್ನುವವರೂ ಇದ್ದಾರೆ. ಆಮೇಲೆ ಅರ್ಧಕ್ಕೆ ನಿಂತ ಕಲ್ಯಾಣಮಂಟಪ. ಕಂಬಗಳು ನಿಂತಿವೆ, ಮೇಲೆ ಚಾವಣಿ ಇಲ್ಲ. ರಾಜನ ಬೊಕ್ಕಸದ ದುಡ್ಡು ಕೇಳದೆ ಖರ್ಚು ಮಾಡಿದ ಅಂತ ವಿರೂಪಣ್ಣನ ಮೇಲೆ ದೂರು ಹೋಯಿತಂತೆ, ಶಿಕ್ಷೆ ಬರುವ ಮೊದಲೇ ಅವನೇ ತನ್ನ ಕಣ್ಣು ಕಿತ್ತು ಗೋಡೆಗೆ ಎಸೆದನಂತೆ. ಆ ಗೋಡೆಯ ಮೇಲಿನ ಕೆಂಪು ಗುರುತನ್ನು ಈಗಲೂ ತೋರಿಸುತ್ತಾರೆ. ಕಥೆ ಕೇಳಿ ಮಗು ಹೆದರುತ್ತದೆ ಅನ್ನಿಸಿದರೆ ಗೈಡ್‌ಗೆ ಮೊದಲೇ ಹೇಳಿಬಿಡಿ.

ಕಲ್ಯಾಣಮಂಟಪದ ಪಕ್ಕದಲ್ಲೇ ಲತಾಮಂಟಪ. ಇದನ್ನು ಬಹಳ ಜನ ಸುಮ್ನೆ ದಾಟಿಕೊಂಡು ಹೋಗುತ್ತಾರೆ. ಒಂದೊಂದು ಕಂಬದ ಮೇಲೆ ಒಂದೊಂದು ಬಳ್ಳಿ, ಹೂವು, ಹಕ್ಕಿಯ ವಿನ್ಯಾಸ. ಧರ್ಮಾವರಂ ಸೀರೆಯ ಅಂಚಿಗೆ ನೇಕಾರರು ಇಲ್ಲಿಂದಲೇ ವಿನ್ಯಾಸ ತೆಗೆದುಕೊಂಡಿದ್ದಾರೆ. ನಿಮ್ಮ ಮಗಳು ಬರೆದುಕೊಳ್ಳಲು ಇದಕ್ಕಿಂತ ಸುಲಭದ ಜಾಗ ಇಲ್ಲ, ಬೆಳಕೂ ಚೆನ್ನಾಗಿದೆ, ಕಣ್ಣಿನ ಮಟ್ಟದಲ್ಲೇ ಇದೆ. ಬಿಸಿಲೇರುವ ಮುಂಚೆ ಇಲ್ಲಿ, ಬಿಸಿಲೇರಿದ ಮೇಲೆ ನಾಟ್ಯಮಂಟಪದ ನೆರಳಲ್ಲಿ, ಹೀಗೆ ಮಾಡಿ.

ಯಲಹಂಕದಮ್ಮ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟೆಲ್ಲ ಇದೆ ಅಂತ ಗೊತ್ತೇ ಇರಲಿಲ್ಲ. ಮಗಳಿಗೆ ಮೇಷ್ಟ್ರ ಉತ್ತರ ಓದಿ ಹೇಳಿದೆ, "ನೀಲಿ ಇಲ್ಲ" ಅನ್ನುವ ಸಾಲು ಬಿಟ್ಟು. ಇನ್ನೆರಡು ಪ್ರಶ್ನೆ. ಅತ್ತೆಗೆ ತಲೆ ಎತ್ತಿ ತುಂಬಾ ಹೊತ್ತು ನೋಡಲು ಆಗುವುದಿಲ್ಲ, ಅವರಿಗೂ ಚಿತ್ರ ಕಾಣುವ ಹಾಗೆ ಏನಾದರೂ ಮಾಡಬಹುದಾ? ಅವರಿಗೆ ಪುರಾಣದ ಕಥೆಗಳೆಲ್ಲ ಬಾಯಿಗೆ ಬರುತ್ತವೆ, ನೋಡಿದರೆ ನಮಗಿಂತ ಬೇಗ ಗುರುತಿಸುತ್ತಾರೆ. ಇನ್ನೊಂದು, ಮಧ್ಯಾಹ್ನಕ್ಕೆ ಪೆನುಕೊಂಡ ಕೋಟೆ ಅಂತ ಯಜಮಾನರು ಹೇಳುತ್ತಿದ್ದಾರೆ. ಒಂದೇ ದಿನದಲ್ಲಿ ಆಗುತ್ತದಾ?

ಡ್ರಾಯಿಂಗ್ ಮೇಷ್ಟ್ರು

ಒಂದು ಕೈಕನ್ನಡಿ ತೆಗೆದುಕೊಂಡು ಹೋಗಿ ಮೇಡಂ, ಪುಸ್ತಕದ ಅಳತೆಯದ್ದಾದರೆ ಸಾಕು. ಕಂಬಕ್ಕೆ ಒರಗಿ ಕೂರಿಸಿ, ಕನ್ನಡಿಯನ್ನು ಮಡಿಲಲ್ಲಿ ಮೇಲ್ಮುಖ ಮಾಡಿ ಇಟ್ಟುಕೊಂಡರೆ ಚಾವಣಿ ಅದರಲ್ಲಿ ಕಾಣುತ್ತದೆ. ಎಡಬಲ ತಿರುಗುಮುರುಗು ಆಗುತ್ತದೆ ಅಷ್ಟೇ, ಕಥೆ ಗುರುತಿಸಲು ತೊಂದರೆ ಇಲ್ಲ. ಮಗಳು ಮೊಬೈಲ್‌ನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ತೋರಿಸಿದರೂ ಆಯಿತು. ಅಜ್ಜಿ ಕಥೆ ಹೇಳಲಿ, ಮೊಮ್ಮಗಳು ಮೇಲೆ ಹುಡುಕಲಿ. ಇದಕ್ಕಿಂತ ಒಳ್ಳೆಯ ಗೈಡ್ ನಿಮಗೆ ಸಿಗುವುದಿಲ್ಲ.

ಗೌರಿಬಿದನೂರು ಕಡೆಯವ

ಅಕ್ಕ, ಪೆನುಕೊಂಡ ಒಳ್ಳೆಯ ಜಾಗವೇ. 1565ರ ತಾಳಿಕೋಟೆ ಯುದ್ಧದಲ್ಲಿ ಸೋತ ಮೇಲೆ ವಿಜಯನಗರದವರು ರಾಜಧಾನಿ ಮಾಡಿಕೊಂಡದ್ದು ಅದನ್ನೇ. ಗಗನಮಹಲ್ ಇದೆ, ಪಾರ್ಶ್ವನಾಥ ಬಸದಿ ಇದೆ, ಬಾಬಯ್ಯನ ದರ್ಗಾ ಇದೆ. ಆದರೆ ಲೇಪಾಕ್ಷಿಯಿಂದ ಇನ್ನೂ ಸುಮಾರು 35 ಕಿಲೋಮೀಟರ್ ಮುಂದೆ, ಬೆಂಗಳೂರಿಗೆ ವಿರುದ್ಧ ದಿಕ್ಕು. ಬೆಟ್ಟದ ಮೇಲಿನ ಕೋಟೆ ಅಂದರೆ ಅತ್ತೆಗೆ ಆಗುವುದೂ ಇಲ್ಲ. ಅದನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ ಅಂತ ಯಜಮಾನರಿಗೆ ಹೇಳಿ.

ಅದರ ಬದಲು ವಾಪಸ್ ಬರುವಾಗ ಹೈವೇಗೆ ಹೋಗದೆ ಹಿಂದೂಪುರದ ಮೇಲೆ ಗೌರಿಬಿದನೂರು ರಸ್ತೆ ಹಿಡಿಯಿರಿ. ದಾರಿಯಲ್ಲೇ ವಿದುರಾಶ್ವತ್ಥ. ವಿದುರ ನೆಟ್ಟದ್ದು ಅನ್ನುವ ಅಶ್ವತ್ಥ ಮರದಿಂದ ಬಂದ ಹೆಸರು. ಆ ಹಳೆಯ ಮರ 2001ರಲ್ಲಿ ಬಿದ್ದು ಹೋಯಿತು. ಆದರೆ ಹರಕೆಗೆ ಇಟ್ಟ ನಾಗರಕಲ್ಲುಗಳು ಸಾಲು ಸಾಲಾಗಿ ಸಾವಿರಾರು ಇವೆ, ಅತ್ತೆಗೆ ಖಂಡಿತ ಇಷ್ಟವಾಗುತ್ತದೆ, ಎಲ್ಲ ಸಮತಟ್ಟಾದ ಜಾಗ. ಪಕ್ಕದಲ್ಲೇ ವೀರಸೌಧ. 1938ರ ಏಪ್ರಿಲ್ 25ರಂದು ಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಇಲ್ಲಿ ಪೊಲೀಸರು ಗುಂಡು ಹಾರಿಸಿದರು. ಕರ್ನಾಟಕದ ಜಲಿಯನ್‌ವಾಲಾ ಬಾಗ್ ಅಂತ ಈ ಜಾಗವನ್ನು ಕರೆಯುವುದು ಅದಕ್ಕೇ. ಒಳಗೆ ಸ್ವಾತಂತ್ರ್ಯ ಹೋರಾಟದ ಫೋಟೋ ಗ್ಯಾಲರಿ ಇದೆ. ನಮ್ಮ ಕಡೆಯವರಿಗೆ ಇದು ದೊಡ್ಡ ವಿಷಯ, ಬೆಂಗಳೂರಿನ ಮಕ್ಕಳು ಬಂದು ನೋಡಬೇಕು ಅನ್ನುವುದು ನನ್ನ ಆಸೆ.

ಲೇಪಾಕ್ಷಿಯಲ್ಲಿ ಒಂದು ಗಂಟೆವರೆಗೂ ಇದ್ದು, ಊಟ ಮಾಡಿ, ನಂದಿ ನೋಡಿ ಹೊರಟರೆ ಮೂರೂವರೆ ನಾಲ್ಕರ ಹೊತ್ತಿಗೆ ವಿದುರಾಶ್ವತ್ಥ. ಅಲ್ಲಿಂದ ಗೌರಿಬಿದನೂರು, ದೊಡ್ಡಬಳ್ಳಾಪುರ, ಯಲಹಂಕ. ನಿಮ್ಮ ಮನೆ ಬಾಗಿಲಿಗೇ ಬರುತ್ತದೆ ರಸ್ತೆ.

ತುಮಕೂರು ತಿರುಗಾಟ

ಮಗಳಿಗೆ ಲೇಪಾಕ್ಷಿ ಹಿಡಿಸಿದರೆ ಮುಂದಿನ ಸಲ ಸೀಬಿಗೆ ಕರೆದುಕೊಂಡು ಬನ್ನಿ. ತುಮಕೂರಿನಿಂದ ಶಿರಾ ಕಡೆಗೆ ಹೋಗುವ ಹೈವೇಯಲ್ಲೇ ಇದೆ ನರಸಿಂಹಸ್ವಾಮಿ ದೇವಸ್ಥಾನ. ಅಲ್ಲೂ ಚಾವಣಿ ತುಂಬ ಚಿತ್ರ, ಆದರೆ ಲೇಪಾಕ್ಷಿಗಿಂತ ತುಂಬಾ ಈಚಿನದು. ಮೈಸೂರು ಸೀಮೆಯ ದರ್ಬಾರು, ಸಿಪಾಯಿಗಳು, ಮೆರವಣಿಗೆ ಎಲ್ಲ ಬರುತ್ತವೆ. ಆಮೇಲೆ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ದರಿಯಾ ದೌಲತ್ ಅರಮನೆಯ ಗೋಡೆಯಲ್ಲಿ 1780ರ ಪೊಳ್ಳಿಲೂರು ಯುದ್ಧ ನೋಡಿಸಿ. ಮೂರನ್ನೂ ನೋಡಿದರೆ ಉಡುಪು, ಕುದುರೆ, ಮುಖ ಬರೆಯುವ ರೀತಿ ಹೇಗೆ ಬದಲಾಯಿತು ಅಂತ ಅವಳಿಗೇ ಗೊತ್ತಾಗುತ್ತದೆ. ಸೀಬಿಯಲ್ಲಿ ಜನ ಕಡಿಮೆ, ಎಷ್ಟು ಹೊತ್ತು ಬೇಕಾದರೂ ಕೂತು ಬರೆಯಬಹುದು. ಬರುವುದಾದರೆ ಇಲ್ಲೇ ಹೇಳಿ, ದಾರಿ ಮತ್ತೆ ಊಟದ ಜಾಗ ತಿಳಿಸುತ್ತೇನೆ.